ಒಣದ್ರಾಕ್ಷಿಯಲ್ಲಿ ಔಷಧದ ಉಳಿಕೆ: ಸಿಗ್ನಲ್ ಕಳೆದುಹೋಗುವುದು ಎಲ್ಲಿ?

ವಿಜಯಪುರದ ದ್ರಾಕ್ಷಿ ಬೆಳೆಗಾರರ ಕೈಗೆ ಬರುವ ಲ್ಯಾಬ್ ವರದಿಯಲ್ಲಿ ಬೆಳೆಗೆ ಹೊಡೆಯುವ ಔಷಧಗಳ ಉದ್ದ ಪಟ್ಟಿ ಇರುತ್ತದೆ. ಒಂದೊಂದರ ಮುಂದೆಯೂ ‘ಬಿಎಲ್‌ಕ್ಯೂ’ ಅಂತ ಬರೆದಿರುತ್ತದೆ. ಅಳೆಯಬಹುದಾದ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಇದೆ ಅಂತ ಅದರ ಅರ್ಥ. ಪಟ್ಟಿ ಪೂರ್ತಿ ಹೀಗೇ ಬಂದರೆ ಮನೆಮಂದಿಗೆಲ್ಲ ನೆಮ್ಮದಿ. ಮಾಲು ಹೊರಡುತ್ತದೆ.

ಆದರೆ ಬಿಎಲ್‌ಕ್ಯೂ ಬರುವುದಕ್ಕೆ ಎರಡು ಕಾರಣ ಇರಬಹುದು. ಹಣ್ಣಿನಲ್ಲಿ ಔಷಧ ನಿಜಕ್ಕೂ ಇಲ್ಲದಿರಬಹುದು. ಇಲ್ಲವೇ, ಔಷಧ ಇದ್ದೂ ಯಂತ್ರಕ್ಕೆ ಕಾಣದೆ ಹೋಗಿರಬಹುದು. ವರದಿಯ ಹಾಳೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದೇ ನಿಜವಾಗಿದ್ದರೆ ಇಲ್ಲಿ ಪಾಸಾದ ಮಾಲು ದೂರದ ಬಂದರಿನಲ್ಲಿ ಫೇಲ್ ಆಗುತ್ತದೆ. ಅಥವಾ ಯಾರೂ ತಡೆಯದೆ ನಮ್ಮ ಮಕ್ಕಳ ಬಾಯಿಗೇ ಹೋಗುತ್ತದೆ.

ನಮ್ಮ ಕಡೆ ಒಂದು ಒಳ್ಳೆ ಲ್ಯಾಬ್ ಬೇಕು ಅನ್ನುವ ಮಾತು ಬಂದಾಗಲೆಲ್ಲ ಚರ್ಚೆ ಯಂತ್ರದ ಬೆಲೆಯಲ್ಲೇ ನಿಂತುಬಿಡುತ್ತದೆ. ಕೋಟಿಗಟ್ಟಲೆ ಕೊಟ್ಟು ಔಷಧದ ಉಳಿಕೆ ಅಳೆಯುವ ಎಲ್‌ಸಿ-ಎಂಎಸ್ ತಂದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಕೆ. ನನಗೆ ಹಾಗನಿಸುವುದಿಲ್ಲ. ಸೆನ್ಸಿಟಿವಿಟಿ, ಅಂದರೆ ಬಹಳ ಸಣ್ಣ ಪ್ರಮಾಣವನ್ನೂ ಹಿಡಿಯುವ ಶಕ್ತಿ, ಬಹುಪಾಲು ಕಳೆದುಹೋಗುವುದು ಯಂತ್ರದ ಬಾಯಲ್ಲಿ. ಸೂಜಿಯ ತುದಿ ಮತ್ತು ಯಂತ್ರದ ರಂಧ್ರದ ನಡುವಿನ ಒಂದೆರಡು ಸೆಂಟಿಮೀಟರ್ ಜಾಗದಲ್ಲಿ. ಅಲ್ಲಿ ಏನಾಗುತ್ತದೆ ಅಂತ ತಿಳಿದವರು ಕೂತಿದ್ದರೆ ಹಳೆ ಯಂತ್ರವೂ ಚೆನ್ನಾಗಿ ಕೆಲಸ ಮಾಡುತ್ತದೆ. ತಿಳಿಯದಿದ್ದರೆ ಹೊಸ ಯಂತ್ರವೂ ತಪ್ಪು ಅಂಕಿ ಕೊಡುತ್ತದೆ.

ಮೊದಲು ಅಳತೆ ಎಷ್ಟು ಸಣ್ಣದು ಅಂತ ನೋಡೋಣ. ಮಿತಿ ನಿಗದಿಯಾಗದ ಔಷಧಕ್ಕೆ ಯುರೋಪ್ ಇಟ್ಟಿರುವ ಗಡಿ ಕಿಲೋಗೆ 0.01 ಮಿಲಿಗ್ರಾಂ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮದಲ್ಲೂ ಅಂಥ ಔಷಧಕ್ಕೆ ಸಾಮಾನ್ಯವಾಗಿ ಇದೇ ಅಂಕಿ. ಅಂದರೆ ಹತ್ತು ಟನ್ನಿನ ಹತ್ತು ಲಾರಿ ದ್ರಾಕ್ಷಿಯಲ್ಲಿ ಒಟ್ಟು ಒಂದು ಗ್ರಾಂ ಔಷಧ. ಲ್ಯಾಬಿನವರು ಒಂದು ಗ್ರಾಂ ಹಣ್ಣಿಗೆ ಒಂದು ಎಂಎಲ್ ದ್ರಾವಕದ ಲೆಕ್ಕದಲ್ಲಿ ಸಾರ ತೆಗೆದು, ಅದರಲ್ಲಿ 5 ಮೈಕ್ರೊಲೀಟರ್ ಯಂತ್ರಕ್ಕೆ ಬಿಟ್ಟರೆ, ಒಳಗೆ ಹೋಗುವ ಔಷಧ 50 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಪಿಕೋಗ್ರಾಂ. ಇಷ್ಟು ಸಣ್ಣದನ್ನು ಹಿಡಿಯುವಾಗ ಅರ್ಧದಷ್ಟು ಸಿಗ್ನಲ್ ಸುಮ್ನೆ ಸೋರಿಹೋದರೂ ಫಲಿತಾಂಶ ಪಾಸೋ ಫೇಲೋ ಅನ್ನುವುದೇ ಬದಲಾಗುತ್ತದೆ.

2010ರ ಪೆಟ್ಟು

ಈ ಕಡೆಯ ದ್ರಾಕ್ಷಿಯವರು 2010ರ ಸೀಸನ್ ಮರೆಯುವ ಹಾಗಿಲ್ಲ. ಆ ವರ್ಷ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಮಿತಿ ಮೀರಿ ಸಿಕ್ಕಿತು. ಕಂಟೇನರ್‌ಗಳು ತಿರಸ್ಕೃತವಾದವು. ರೈತರ ಬಾಯಲ್ಲಿ ಇದು ಸಿಸಿಸಿ, ಇಲ್ಲವೇ ಲಿಹೋಸಿನ್. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆದ ಮೇಲೆ ಬಳ್ಳಿ ಸುಮ್ನೆ ಉದ್ದ ಓಡದೆ ಕಣ್ಣಿನಲ್ಲಿ ಗೊನೆ ಕಟ್ಟಲಿ ಅಂತ ಹೊಡೆಯುತ್ತಾರೆ. ಕೀಟ ಕೊಲ್ಲುವ ಔಷಧ ಅಲ್ಲ, ಬೆಳವಣಿಗೆ ತಡೆಯುವ ಔಷಧ.

ಆಗ ಪರೀಕ್ಷೆಯ ವ್ಯವಸ್ಥೆ ಇರಲಿಲ್ಲ ಅಂತಲ್ಲ. ಕೃಷಿ ರಫ್ತು ನೋಡಿಕೊಳ್ಳುವ ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್, ಅಂದರೆ ರಫ್ತಿನ ದ್ರಾಕ್ಷಿಯ ಜಾಡು ಇಡುವ ವ್ಯವಸ್ಥೆ, 2006ರಿಂದ ನಡೆಯುತ್ತಿತ್ತು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ರೆಫರಲ್ ಲ್ಯಾಬ್ ಆಗಿ ಎಲ್ಲ ನೋಡಿಕೊಳ್ಳುತ್ತಿತ್ತು. ಆದರೆ ರಫ್ತಿಗೆ ಮುಂಚೆ ನೋಡಬೇಕಾದ ಔಷಧಗಳ ಪಟ್ಟಿಯಲ್ಲಿ ಸಿಸಿಸಿ ಇರಲಿಲ್ಲ. ಆಮೇಲೆ ಸೇರಿಸಿದರು.

ಪಟ್ಟಿಗೆ ಹೆಸರು ಸೇರಿಸುವುದು ಒಂದು ದಿನದ ಕೆಲಸ. ಅದನ್ನು ಒಣದ್ರಾಕ್ಷಿಯಲ್ಲಿ ಸರಿಯಾಗಿ ಅಳೆಯುವುದು ಹಾಗಲ್ಲ. ಸಿಸಿಸಿಯ ಅಣುವಿನ ಮೇಲೆ ಹುಟ್ಟಿನಿಂದಲೇ ಧನ ಚಾರ್ಜ್ ಇದೆ. ಹಾಗಾಗಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಅದು ಬಹಳ ಸುಲಭದ ತುತ್ತಾಗಬೇಕಿತ್ತು. ಶುದ್ಧ ದ್ರಾವಕದಲ್ಲಿ ಕರಗಿಸಿ ಬಿಟ್ಟರೆ ಹಾಗೇ ಆಗುತ್ತದೆ, ಪರದೆಯ ಮೇಲೆ ಎತ್ತರದ ಪೀಕ್, ಅಂದರೆ ಸಿಗ್ನಲ್‌ನ ಶಿಖರ, ಬರುತ್ತದೆ. ಅದೇ ಪ್ರಮಾಣವನ್ನು ಒಣದ್ರಾಕ್ಷಿಯ ಸಾರದಲ್ಲಿ ಬೆರೆಸಿ ಬಿಟ್ಟರೆ ಪೀಕ್ ಕುಗ್ಗುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಸೂಜಿಯ ತುದಿಗೆ ಹೋಗಬೇಕು.

ಸೂಜಿಯ ತುದಿಯಲ್ಲಿ

ಎಲ್‌ಸಿ-ಎಂಎಸ್ ಅಂದರೆ ಎರಡು ಯಂತ್ರಗಳ ಜೋಡಿ. ಮೊದಲನೆಯದು ಲಿಕ್ವಿಡ್ ಕ್ರೊಮ್ಯಾಟೊಗ್ರಫಿ. ಸಾರದಲ್ಲಿರುವ ನೂರಾರು ವಸ್ತುಗಳನ್ನು ಒಂದು ಕಾಲಂನಲ್ಲಿ ಹಾಯಿಸಿ, ಒಂದೊಂದೂ ಬೇರೆ ಬೇರೆ ಹೊತ್ತಿಗೆ ಹೊರಗೆ ಬರುವ ಹಾಗೆ ಮಾಡುತ್ತದೆ. ಎರಡನೆಯದು ಮಾಸ್ ಸ್ಪೆಕ್ಟ್ರೋಮೀಟರ್. ಹಾಗೆ ಬಂದವುಗಳ ತೂಕ ನೋಡಿ ಗುರುತಿಸುತ್ತದೆ. ತೊಂದರೆ ಏನೆಂದರೆ, ಎರಡನೆಯದಕ್ಕೆ ಚಾರ್ಜ್ ಇರುವ ಕಣ ಮಾತ್ರ ಕಾಣುತ್ತದೆ. ಚಾರ್ಜ್ ಇಲ್ಲದ ಅಣು ಎಷ್ಟೇ ಇರಲಿ, ಇದ್ದೂ ಇಲ್ಲದ ಹಾಗೆ. ದ್ರವದಲ್ಲಿರುವ ಅಣುವನ್ನು ಚಾರ್ಜ್ ಇರುವ ಒಣ ಅಯಾನು ಮಾಡಿ ಒಳಗೆ ಕಳಿಸಬೇಕು. ಇದೇ ಅಯಾನೀಕರಣ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಎಲೆಕ್ಟ್ರೋಸ್ಪ್ರೇ. ಮಾಲ್ಕಮ್ ಡೋಲ್ 1960ರ ದಶಕದಲ್ಲಿ ಇದರ ದಾರಿ ತೋರಿಸಿದರು. 1980ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫೆನ್ ಅದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದರು. ಅದಕ್ಕೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ವಿಧಾನ ಹೇಳುವುದಕ್ಕೆ ಸರಳ. ಕಾಲಂನಿಂದ ಬರುವ ದ್ರವವನ್ನು ಸಣ್ಣ ಸೂಜಿಯಿಂದ ಹೊರಗೆ ಬಿಡುತ್ತಾರೆ. ಸೂಜಿಗೂ ಯಂತ್ರದ ಬಾಯಿಗೂ ನಡುವೆ 3ರಿಂದ 5 ಸಾವಿರ ವೋಲ್ಟ್ ಇರುತ್ತದೆ. ತುದಿಯಲ್ಲಿ ದ್ರವ ಶಂಕುವಿನ ಆಕಾರಕ್ಕೆ ಎಳೆದುಕೊಂಡು ಚಾರ್ಜ್ ತುಂಬಿದ ಮಂಜಿನ ಹಾಗೆ ಸಿಡಿಯುತ್ತದೆ. ಬಿಸಿ ನೈಟ್ರೋಜನ್ ಗಾಳಿಗೆ ಹನಿ ಒಣಗುತ್ತದೆ. ಹನಿ ಸಣ್ಣದಾಗುತ್ತದೆ, ಅದರ ಮೇಲಿನ ಚಾರ್ಜ್ ಅಷ್ಟೇ ಇರುತ್ತದೆ. ಒಂದು ಹಂತದಲ್ಲಿ ಚಾರ್ಜ್‌ಗಳ ನೂಕಾಟ ತಡೆಯಲಾರದೆ ಹನಿ ಒಡೆದು ಇನ್ನೂ ಸಣ್ಣ ಹನಿಗಳಾಗುತ್ತದೆ. ಆ ಮಿತಿ ಎಷ್ಟು ಅಂತ ಲಾರ್ಡ್ ರೇಲಿ 1882ರಲ್ಲೇ ಲೆಕ್ಕ ಹಾಕಿದ್ದರು. ಹೀಗೇ ಒಡೆಯುತ್ತ ಒಡೆಯುತ್ತ ಕೊನೆಗೆ ಅಯಾನುಗಳು ಬಿಡುಗಡೆಯಾಗುತ್ತವೆ.

ಇಲ್ಲಿ ಎರಡು ನಷ್ಟ ಇದೆ. ಎಲ್ಲ ಅಣುಗಳಿಗೂ ಚಾರ್ಜ್ ಸಿಗುವುದಿಲ್ಲ. ಸಿಕ್ಕವೂ ಎಲ್ಲ ಒಳಗೆ ಹೋಗುವುದಿಲ್ಲ, ಯಾಕೆಂದರೆ ಮಂಜು ಅಗಲವಾಗಿ ಹರಡುತ್ತದೆ, ರಂಧ್ರ ಮಾತ್ರ ಬಹಳ ಕಿರಿದು. ಎರಡನೆಯ ನಷ್ಟ ಕಡಿಮೆ ಮಾಡುವುದು ಯಂತ್ರ ತಯಾರಿಸುವವರ ಕೆಲಸ. ಹೊಸ ಮಾಡೆಲ್‌ಗೆ ಕೊಡುವ ಜಾಸ್ತಿ ದುಡ್ಡಿನಲ್ಲಿ ಒಂದಷ್ಟು ಪಾಲು ಅದಕ್ಕೆ ಹೋಗುತ್ತದೆ. ಮೊದಲನೆಯ ನಷ್ಟ ಕಡಿಮೆ ಮಾಡುವುದು ಲ್ಯಾಬಿನವರ ಕೈಯಲ್ಲಿದೆ.

ಒಂದು ಹನಿಯ ಮೇಲೆ ಇರುವ ಚಾರ್ಜ್ ಸೀಮಿತ. ಜಾಗವೂ ಸೀಮಿತ. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಹೊರಡುವ ಕೊನೆ ಬಸ್ಸನ್ನು ನೆನೆಸಿಕೊಳ್ಳಿ. ಸೀಟು ಇರುವುದು ಐವತ್ತು. ಬಾಗಿಲಲ್ಲಿ ಗಟ್ಟಿಮುಟ್ಟಾದವರು ನುಗ್ಗಿದರೆ, ಟಿಕೆಟ್ ಇದ್ದರೂ ಅಜ್ಜಿ ಕೆಳಗೇ ಉಳಿಯುತ್ತಾಳೆ. ಹನಿಯಲ್ಲೂ ಹಾಗೇ. ನಾವು ಹುಡುಕುತ್ತಿರುವ ಔಷಧದ ಜೊತೆಗೇ, ಅದೇ ಹೊತ್ತಿಗೆ, ಕಾಲಂನಿಂದ ಹಣ್ಣಿನ ಬೇರೆ ಪದಾರ್ಥಗಳೂ ಬಂದರೆ ಚಾರ್ಜ್ ಅವುಗಳ ಪಾಲಾಗುತ್ತದೆ. ಹನಿ ಅಂಟಂಟಾದರೆ ಒಣಗುವುದೂ ನಿಧಾನ. ಔಷಧ ಇದ್ದಷ್ಟೇ ಇರುತ್ತದೆ, ಸಿಗ್ನಲ್ ಕುಗ್ಗುತ್ತದೆ. ಇದನ್ನು ಲ್ಯಾಬುಗಳಲ್ಲಿ ಅಯಾನ್ ಸಪ್ರೆಶನ್ ಅನ್ನುತ್ತಾರೆ. ಹಣ್ಣಿನ ಪದಾರ್ಥಗಳಿಂದ ಸಿಗ್ನಲ್‌ನಲ್ಲಿ ಆಗುವ ಒಟ್ಟು ಏರುಪೇರಿಗೆ ಮ್ಯಾಟ್ರಿಕ್ಸ್ ಎಫೆಕ್ಟ್ ಅನ್ನುವ ಹೆಸರು.

ಒಣದ್ರಾಕ್ಷಿ ಯಾಕೆ ಇಷ್ಟು ಕಷ್ಟ

ತಾಜಾ ದ್ರಾಕ್ಷಿಯಲ್ಲೂ ಸಕ್ಕರೆ ಇದೆ, ಹುಳಿ ಇದೆ. ಆದರೂ ಅದು ಹೆಚ್ಚಿನ ಪಾಲು ನೀರು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ಸಕ್ಕರೆ ಅದರ ತೂಕದ ಅರ್ಧಕ್ಕಿಂತಲೂ ಬಹಳ ಜಾಸ್ತಿ. ಒಣಗುವಾಗ ಹಾರಿಹೋಗದ, ಕೊಳೆಯದ ಔಷಧವೂ ನಾಲ್ಕು ಪಟ್ಟು ದಟ್ಟವಾಗಬಹುದು.

ಇನ್ನೊಂದು ವಿಷಯ ನಮ್ಮ ಮಣೂಕ ಶೆಡ್‌ಗಳನ್ನು ನೋಡಿದವರಿಗೆ ಗೊತ್ತು. ತಿಕೋಟಾ, ಬಬಲೇಶ್ವರ ಕಡೆ ಗೊನೆಗಳನ್ನು ಹಾಗೇ ಒಣಹಾಕುವುದಿಲ್ಲ. ಮೊದಲು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಡಿಪ್ಪಿಂಗ್ ಆಯಿಲ್‌ನಲ್ಲಿ ಮುಖ್ಯವಾಗಿ ಇರುವುದು ಈಥೈಲ್ ಓಲಿಯೇಟ್. ಅದು ಹಣ್ಣಿನ ಮೇಲಿನ ಮೇಣದ ಪದರವನ್ನು ಸಡಿಲ ಮಾಡುತ್ತದೆ, ನೀರು ಬೇಗ ಹೊರಗೆ ಬರುತ್ತದೆ. ಆಮೇಲೆ ನೆರಳಿನಲ್ಲಿ ರ‍್ಯಾಕಿನ ಮೇಲೆ ಹರಡುತ್ತಾರೆ. ಹಸಿರು-ಹಳದಿ ಬಣ್ಣ ಉಳಿಯುವುದು ಹೀಗೆ. ಇದರಲ್ಲಿ ತಪ್ಪೇನೂ ಇಲ್ಲ, ಒಳ್ಳೆ ವಿಧಾನ. ಆದರೆ ಆ ಎಣ್ಣೆಯ ಅಂಶ, ಆ ಪೊಟ್ಯಾಸಿಯಂ, ಮೇಣ ಎಲ್ಲ ಸಾರದೊಳಗೂ ಬರುತ್ತವೆ. ಎಣ್ಣೆಯಂಥ ಅಣು ಹನಿಯ ಮೇಲ್ಮೈಗೆ ಹೋಗಿ ಕೂರುತ್ತದೆ. ಅಯಾನುಗಳು ಹೊರಡುವುದೂ ಮೇಲ್ಮೈಯಿಂದಲೇ. ಪೊಟ್ಯಾಸಿಯಂ ಸೋಡಿಯಂನ ಹಾಗೆ ಅಣುಗಳಿಗೆ ಅಂಟಿಕೊಂಡು ಅವುಗಳ ತೂಕವನ್ನೇ ಬದಲಿಸುತ್ತದೆ. ಯಂತ್ರ ನೋಡುತ್ತಿರುವ ತೂಕದಲ್ಲಿ ಸಿಗ್ನಲ್ ಅಷ್ಟು ಕಡಿಮೆಯಾಗುತ್ತದೆ.

ಹಾಗಾಗಿ ತಾಜಾ ದ್ರಾಕ್ಷಿಗೆ ಸರಿಹೋದ ವಿಧಾನ ಮಣೂಕಕ್ಕೂ ಸರಿ ಅಂತ ಹೇಳಲು ಬರುವುದಿಲ್ಲ. ಈ ಮಾತನ್ನು ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಯ ಜಮಖಂಡಿ, ಅಥಣಿ, ತಿಕೋಟಾದಂಥ ಊರುಗಳಲ್ಲಿ ಎಷ್ಟೋ ಜನ ಹಸಿ ಹಣ್ಣಿಗಿಂತ ಮಣೂಕದ ಮೇಲೇ ಬದುಕು ಕಟ್ಟಿಕೊಂಡಿದ್ದಾರೆ.

ಈಗ ಸಿಸಿಸಿಗೆ ವಾಪಸ್ ಬರೋಣ. ಔಷಧ ಉಳಿಕೆಯ ಪರೀಕ್ಷೆಯಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕ್ವೆಚರ್ಸ್ ವಿಧಾನ. 2003ರಲ್ಲಿ ಬಂದದ್ದು. ಅರೆದ ಹಣ್ಣಿಗೆ ಅಸಿಟೋನೈಟ್ರೈಲ್ ಹಾಕಿ, ಉಪ್ಪು ಹಾಕಿ ಕುಲುಕಿದರೆ ನೀರು ಮತ್ತು ದ್ರಾವಕ ಬೇರೆಯಾಗುತ್ತವೆ. ಸಕ್ಕರೆ ಬಹುಪಾಲು ನೀರಿನಲ್ಲೇ ಉಳಿಯುತ್ತದೆ, ಔಷಧ ದ್ರಾವಕಕ್ಕೆ ಬರುತ್ತದೆ. ಸಿಸಿಸಿ ಹಾಗೆ ಬರುವುದಿಲ್ಲ. ಅದಕ್ಕೆ ನೀರೆಂದರೆ ಅಷ್ಟು ಪ್ರೀತಿ. ಅದಕ್ಕೇ ಯುರೋಪಿನ ಸ್ಟುಟ್‌ಗಾರ್ಟ್ ಲ್ಯಾಬಿನವರು ಬೇರೆ ವಿಧಾನ ರೂಪಿಸಿದರು. ಆಮ್ಲ ಬೆರೆಸಿದ ಮೆಥನಾಲ್‌ನಲ್ಲಿ ಎಲ್ಲವನ್ನೂ ಎಳೆದುಕೊಳ್ಳುವುದು. ಇದರಲ್ಲಿ ಔಷಧ ಬರುತ್ತದೆ, ಜೊತೆಗೆ ಸಕ್ಕರೆ, ಹುಳಿ, ಉಪ್ಪು ಎಲ್ಲ ಬರುತ್ತವೆ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇರುವ ಸಿ-18 ಕಾಲಂ ಸಿಸಿಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಅದು ಮೊದಲ ನಿಮಿಷದ ಆಸುಪಾಸಿನಲ್ಲೇ ಹೊರಗೆ ಬಂದುಬಿಡುತ್ತದೆ. ಸಕ್ಕರೆ, ಉಪ್ಪು ಬರುವುದೂ ಆಗಲೇ. ಯಂತ್ರ ಕೊಳೆಯಾಗದಿರಲಿ ಅಂತ ಎಷ್ಟೋ ಕಡೆ ಆ ಮೊದಲ ನಿಮಿಷದ ದ್ರವವನ್ನು ವಾಲ್ವ್ ತಿರುಗಿಸಿ ಚರಂಡಿಗೆ ಬಿಡುತ್ತಾರೆ. ಅದರ ಜೊತೆ ಸಿಸಿಸಿಯೂ ಹೋಗುತ್ತದೆ. ವರದಿಯಲ್ಲಿ ಬಿಎಲ್‌ಕ್ಯೂ ಬರುತ್ತದೆ.

ಒಂದು ಲೆಕ್ಕ

ಉದಾಹರಣೆಗೆ ಹೀಗೆ ಅಂದುಕೊಳ್ಳಿ. ಒಂದು ಔಷಧವನ್ನು ಶುದ್ಧ ದ್ರಾವಕದಲ್ಲಿ ಬಿಟ್ಟಾಗ ಪೀಕ್‌ನ ವಿಸ್ತೀರ್ಣ 1,00,000 ಬಂತು. ಅಷ್ಟೇ ಔಷಧವನ್ನು ಔಷಧ ಇಲ್ಲದ ಮಣೂಕದ ಸಾರಕ್ಕೆ ಬೆರೆಸಿ ಬಿಟ್ಟಾಗ 38,000 ಬಂತು. ಸಪ್ರೆಶನ್ ಶೇ 62. ಈಗ ಒಬ್ಬ ರೈತರ ಮಣೂಕದಲ್ಲಿ ನಿಜಕ್ಕೂ ಕಿಲೋಗೆ 0.02 ಮಿಲಿಗ್ರಾಂ ಇದೆ. ಮಿತಿ 0.01. ಅಂದರೆ ಎರಡು ಪಟ್ಟು ಜಾಸ್ತಿ. ಲ್ಯಾಬಿನವರು ಶುದ್ಧ ದ್ರಾವಕದ ಪೀಕ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಉತ್ತರ 0.0076. ಮಿತಿಯೊಳಗೆ. ಪಾಸ್.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಯಂತ್ರ ಕೆಟ್ಟಿಲ್ಲ. ಹೋಲಿಕೆಗೆ ಇಟ್ಟುಕೊಂಡದ್ದು ತಪ್ಪು, ಅಷ್ಟೇ. ಯುರೋಪಿನ ಲ್ಯಾಬ್ ಮಣೂಕದ ಸಾರದಲ್ಲೇ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗೆ ಗೊತ್ತಿರುವಷ್ಟು ಔಷಧ, ಬೆರೆಸಿ ಲೆಕ್ಕ ಹಾಕುತ್ತದೆ, 0.02 ಅಂತ ಬರೆಯುತ್ತದೆ. ಇಲ್ಲಿಯ ವರದಿ ಹಿಡಿದುಕೊಂಡ ರೈತರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ಉಳಿಕೆ ಪರೀಕ್ಷೆ ಹೇಗಿರಬೇಕು ಅಂತ ಹೇಳುವ ಯುರೋಪಿನ ಸಾಂಟೆ ಮಾರ್ಗದರ್ಶಿಯಲ್ಲಿ ಮ್ಯಾಟ್ರಿಕ್ಸ್ ಎಫೆಕ್ಟ್ ಶೇ 20 ದಾಟಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ ಇದೆ. ಶೇ 62 ಅಂದರೆ ಅದರ ಮೂರು ಪಟ್ಟು.

ಈ ನಷ್ಟ ಎಲ್ಲಿ ಆಗುತ್ತಿದೆ ಅಂತ ಕಣ್ಣಾರೆ ನೋಡುವ ಸುಲಭದ ದಾರಿಯೊಂದಿದೆ. ಕಾಲಂ ಮತ್ತು ಸೂಜಿಯ ನಡುವೆ ಟಿ ಆಕಾರದ ಸಣ್ಣ ಜಾಯಿಂಟ್ ಹಾಕಬೇಕು. ಅದರ ಒಂದು ಬಾಯಿಂದ ಸಿರಿಂಜ್ ಪಂಪಿನಲ್ಲಿ ಔಷಧದ ದ್ರಾವಣ ಒಂದೇ ಸಮನೆ ಹರಿಯುತ್ತಿರಬೇಕು. ಪರದೆಯ ಮೇಲೆ ನೇರ ಗೆರೆ ಬರುತ್ತದೆ. ಈಗ ಔಷಧ ಇಲ್ಲದ ಮಣೂಕದ ಸಾರವನ್ನು ಕಾಲಂಗೆ ಬಿಡಬೇಕು. ಗೆರೆ ಎಲ್ಲೆಲ್ಲಿ ಕುಸಿಯುತ್ತದೋ ಆ ಹೊತ್ತಿಗೆ ಹೊರಬರುವ ಔಷಧಗಳೆಲ್ಲ ಅಪಾಯದಲ್ಲಿವೆ. ಮೊದಲ ನಿಮಿಷದಲ್ಲಿ ಸಕ್ಕರೆ, ಉಪ್ಪಿಗೆ ಒಂದು ದೊಡ್ಡ ಗುಂಡಿ ಕಾಣುತ್ತದೆ. ಎಣ್ಣೆ, ಮೇಣದಂಥವು ಸಿ-18 ಕಾಲಂಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಅವುಗಳ ಗುಂಡಿ ಕೊನೆಯಲ್ಲಿ ಬರುತ್ತದೆ. ಅರ್ಧ ದಿನದ ಕೆಲಸ. ಬೇಕಾಗುವುದು ಒಂದು ಜಾಯಿಂಟ್ ಮತ್ತು ಒಂದು ಸಿರಿಂಜ್ ಪಂಪು. ಹೊಸ ಲ್ಯಾಬ್ ಯಾವುದೇ ಇರಲಿ, ಮೊದಲು ಮಾಡಬೇಕಾದ ಪ್ರಯೋಗ ಇದು ಅಂತ ನನ್ನ ಅಭಿಪ್ರಾಯ.

ಕಳೆದದ್ದನ್ನು ವಾಪಸ್ ಪಡೆಯುವುದು

ಎಲ್ಲಕ್ಕಿಂತ ಅಗ್ಗದ ಉಪಾಯ ಸಾರವನ್ನು ತೆಳುಮಾಡುವುದು. ಕೇಳಲು ವಿಚಿತ್ರ ಅನಿಸುತ್ತದೆ ಅಲ್ವಾ, ಸಿಗ್ನಲ್ ಜಾಸ್ತಿ ಬೇಕಾದಾಗ ಔಷಧವನ್ನೇ ಕಡಿಮೆ ಮಾಡುವುದು? ಆದರೆ ಹತ್ತು ಪಟ್ಟು ತೆಳುಮಾಡಿದರೆ ಪೈಪೋಟಿ ಮಾಡುವ ಸಕ್ಕರೆ, ಎಣ್ಣೆಯೂ ಹತ್ತು ಪಟ್ಟು ಕಡಿಮೆಯಾಗುತ್ತವೆ. ಸಪ್ರೆಶನ್ ಜೋರಾಗಿದ್ದಲ್ಲಿ ಸಿಗ್ನಲ್ ಹತ್ತು ಪಟ್ಟು ಇಳಿಯುವುದಿಲ್ಲ, ಅದಕ್ಕಿಂತ ಕಡಿಮೆ ಇಳಿಯುತ್ತದೆ. ಹಿನ್ನೆಲೆಯ ಗದ್ದಲವೂ ಇಳಿಯುತ್ತದೆ. ಅಂಕಿ ನಂಬುವ ಹಾಗಾಗುತ್ತದೆ. ಯಂತ್ರವೂ ಬೇಗ ಕೊಳೆಯಾಗುವುದಿಲ್ಲ. ಇದನ್ನು ಎಷ್ಟರ ಮಟ್ಟಿಗೆ ಮಾಡಬಹುದು ಅನ್ನುವುದು ಯಂತ್ರದ ಶಕ್ತಿಯ ಮೇಲೆ ನಿಂತಿದೆ. ದುಬಾರಿ ಯಂತ್ರದ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿ. ಅದು ಜಾಸ್ತಿ ತೆಳುಮಾಡಲು ಬಿಡುತ್ತದೆ.

ಸಾರವನ್ನು ಶುಚಿ ಮಾಡುವುದು ಇನ್ನೊಂದು ದಾರಿ. ಪಿಎಸ್‌ಎ ಅನ್ನುವ ಪುಡಿ ಹುಳಿ ಮತ್ತು ಸ್ವಲ್ಪ ಸಕ್ಕರೆ ಹಿಡಿಯುತ್ತದೆ. ಸಿ-18 ಪುಡಿ ಎಣ್ಣೆ ಹಿಡಿಯುತ್ತದೆ, ಡಿಪ್ಪಿಂಗ್ ಆಯಿಲ್‌ಗೆ ಇದೇ ಬೇಕು. ಕಾರ್ಬನ್ ಪುಡಿ ಬಣ್ಣ ತೆಗೆಯುತ್ತದೆ, ಆದರೆ ಕಾರ್ಬೆಂಡಜಿಂನಂಥ ಚಪ್ಪಟೆ ಅಣುಗಳನ್ನೂ ನುಂಗಿಬಿಡುತ್ತದೆ. ಶುಚಿ ಮಾಡಲು ಹೋಗಿ ಔಷಧವನ್ನೇ ಕಳೆದುಕೊಳ್ಳಬಾರದು. ಗೊತ್ತಿರುವಷ್ಟು ಔಷಧ ಬೆರೆಸಿ ಅದರಲ್ಲಿ ಎಷ್ಟು ವಾಪಸ್ ಬಂತು ಅಂತ ನೋಡಬೇಕು. ಶೇ 70ರಿಂದ 120ರೊಳಗೆ ಇದ್ದರೆ ಒಪ್ಪುತ್ತಾರೆ.

ಕಾಲಂನಲ್ಲಿ ಹರಿಸುವ ದ್ರಾವಕದ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಲಾಭ ಜಾಸ್ತಿ ಇರುವುದು ಇಲ್ಲಿ, ಜನ ಕಡಿಮೆ ಗಮನ ಕೊಡುವುದೂ ಇಲ್ಲೇ. ದ್ರಾಕ್ಷಿ ತೋಟದಲ್ಲೇ ಬಳಸುವ ಮೂರು ರಾಸಾಯನಿಕ ತೆಗೆದುಕೊಳ್ಳಿ. ಸಿಸಿಸಿಗೆ ತನ್ನದೇ ಚಾರ್ಜ್ ಇದೆ ಅಂತ ಆಗಲೇ ಹೇಳಿದೆ. ಕೀಟ ಕೊಲ್ಲುವ ಇಮಿಡಾಕ್ಲೋಪ್ರಿಡ್‌ಗೆ ಇಲ್ಲ. ಅದು ದ್ರಾವಕದಿಂದ ಒಂದು ಪ್ರೋಟಾನ್ ತೆಗೆದುಕೊಂಡು ಧನ ಅಯಾನು ಆಗಬೇಕು. ಶೇ 0.1 ಫಾರ್ಮಿಕ್ ಆಮ್ಲ ಹಾಕಿದರೆ ಪ್ರೋಟಾನ್ ಧಾರಾಳ ಸಿಗುತ್ತದೆ. ಮೂರನೆಯದು ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ. ಕಾಯಿ ಉದ್ದ ಆಗಲಿ ಅಂತ ಗೊನೆಗಳಿಗೆ ಕೊಡುವುದು. ಅದು ಪ್ರೋಟಾನ್ ಬಿಟ್ಟುಕೊಟ್ಟು ಋಣ ಅಯಾನು ಆಗುವ ಜಾತಿ. ಫಾರ್ಮಿಕ್ ಆಮ್ಲ ಜಾಸ್ತಿ ಇದ್ದರೆ ಅದು ಪ್ರೋಟಾನ್ ಬಿಡಲು ಹಿಂದೇಟು ಹಾಕುತ್ತದೆ. ಇಮಿಡಾಕ್ಲೋಪ್ರಿಡ್‌ಗೆ ಅಮೃತವಾದದ್ದು ಜಿಎಗೆ ಅಡ್ಡಿ. ಋಣ ಅಯಾನುಗಳಿಗೆ ಅಮೋನಿಯಂ ಫ್ಲೋರೈಡ್ ಸ್ವಲ್ಪವೇ ಹಾಕಿದರೂ ಎಷ್ಟೋ ಸಲ ಸಿಗ್ನಲ್ ಚೆನ್ನಾಗಿ ಏರುತ್ತದೆ. ಒಂದೇ ರನ್‌ನಲ್ಲಿ, ಅಂದರೆ ಯಂತ್ರದ ಒಂದೇ ಓಟದಲ್ಲಿ, ಇನ್ನೂರು ಔಷಧ ನೋಡುತ್ತೇವೆ ಅಂತ ಹೊರಟಾಗ ಹೀಗೆ ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದಾಗುತ್ತದೆ. ಇನ್ನೂರರ ಪಟ್ಟಿಯಲ್ಲಿ ಕೆಲವಕ್ಕೆ ಬೇರೆ ರನ್ ಮಾಡಲೇಬೇಕು. ಸಮಯ ಉಳಿಸಲು ಅದನ್ನು ಬಿಟ್ಟರೆ ಪಟ್ಟಿ ಉದ್ದ ಕಾಣುತ್ತದೆ, ಅಷ್ಟೇ.

ಹಾಕಬಾರದ್ದೂ ಇವೆ. ಫಾಸ್ಫೇಟ್ ಬಫರ್ ಆವಿಯಾಗುವುದಿಲ್ಲ, ಯಂತ್ರದ ಬಾಯಲ್ಲಿ ಉಪ್ಪಾಗಿ ಕೂರುತ್ತದೆ. ಟಿಎಫ್‌ಎ ಅನ್ನುವ ಆಮ್ಲ ಪೀಕ್‌ಗಳನ್ನು ಚೂಪು ಮಾಡುತ್ತದೆ, ಆದರೆ ಧನ ಅಯಾನುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಸಿಗ್ನಲ್ ಕೊಲ್ಲುತ್ತದೆ. ಒಮ್ಮೆ ಬಳಸಿದರೆ ಪೈಪುಗಳಿಂದ ಹೋಗಲು ದಿನಗಟ್ಟಲೆ ಬೇಕು.

ನೀರಿನ ಮಾತು ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿಯ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು, ಉಪ್ಪುಪ್ಪು. ಅದರಲ್ಲಿ ಸೋಪು ಹಾಕಿ ತೊಳೆದ ಗಾಜಿನ ಬಾಟಲಿಯಲ್ಲಿ ದ್ರಾವಕ ತುಂಬಿದರೆ ಸೋಡಿಯಂ ಸೇರಿಕೊಳ್ಳುತ್ತದೆ. ಇಮಿಡಾಕ್ಲೋಪ್ರಿಡ್ ಪ್ರೋಟಾನ್ ಸೇರಿ ಯಂತ್ರದ ತೂಕದ ಅಳತೆಯಲ್ಲಿ 256ರಲ್ಲಿ ಕಾಣಬೇಕು. ಸೋಡಿಯಂ ಅಂಟಿಕೊಂಡರೆ 278ಕ್ಕೆ ಹೋಗುತ್ತದೆ. ಯಂತ್ರ 256 ಮಾತ್ರ ನೋಡುತ್ತಿರುತ್ತದೆ. ದ್ರಾವಕದ ಬಾಟಲಿಗೆ ಸೋಪು ತೋರಿಸಲೇಬಾರದು, ಎಲ್‌ಸಿ-ಎಂಎಸ್ ದರ್ಜೆಯ ನೀರು, ದ್ರಾವಕದಿಂದಲೇ ಜಾಲಾಡಿಸಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ.

ದ್ರಾವಕದಲ್ಲಿ ನೀರಿನ ಪಾಲು ಕಡಿಮೆಯಾದಷ್ಟೂ ಹನಿ ಸುಲಭವಾಗಿ ಒಡೆಯುತ್ತದೆ, ಬೇಗ ಒಣಗುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಮೆಥನಾಲ್‌ದು 22ರ ಆಸುಪಾಸು. ಸಿಸಿಸಿಗೆ ಇದರಿಂದ ಒಂದೇ ಏಟಿಗೆ ಎರಡು ಲಾಭ ಸಿಗುತ್ತದೆ. ಸಿ-18 ಬಿಟ್ಟು ಹಿಲಿಕ್ ಕಾಲಂ ಹಾಕಿದರೆ ನೀರನ್ನು ಪ್ರೀತಿಸುವ ಅಣುಗಳು ಅದರಲ್ಲಿ ನಿಲ್ಲುತ್ತವೆ. ಸಿಸಿಸಿ ಮೊದಲ ನಿಮಿಷದ ಕೊಳೆಯಿಂದ ದೂರ ಸರಿಯುತ್ತದೆ. ಹಿಲಿಕ್‌ನಲ್ಲಿ ಹರಿಯುವುದು ಹೆಚ್ಚಾಗಿ ಅಸಿಟೋನೈಟ್ರೈಲ್, ಹಾಗಾಗಿ ಹನಿಯೂ ಚೆನ್ನಾಗಿ ಒಣಗುತ್ತದೆ. ಅದರ ಅಯಾನು 122ರಲ್ಲಿ ಸಿಗುತ್ತದೆ, ಒಡೆದಾಗ 58 ಮತ್ತು 63 ಬರುತ್ತವೆ. ಕ್ಲೋರಿನ್ ಇರುವುದರಿಂದ 124ರಲ್ಲೂ ಮೂರನೇ ಒಂದರಷ್ಟು ಕಾಣುತ್ತದೆ. ಈ ಅನುಪಾತ ಸರಿ ಬಂದರೆ ಸಿಕ್ಕಿದ್ದು ಅದೇ ಅಂತ ಧೈರ್ಯವಾಗಿ ಹೇಳಬಹುದು.

ಕಾಲಂನ ಅಗಲವೂ ಮುಖ್ಯ. 4.6 ಮಿಲಿಮೀಟರ್ ಬದಲು 2.1 ಮಿಲಿಮೀಟರ್ ಹಾಕಿದರೆ ಒಳಗಿನ ಅಡ್ಡಳತೆಯ ಜಾಗ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ಸಾರ ಬಿಟ್ಟರೂ ಔಷಧ ಐದು ಪಟ್ಟು ದಟ್ಟವಾಗಿ ಸೂಜಿಗೆ ಬರುತ್ತದೆ. ಹರಿವು ಕಡಿಮೆಯಾದಾಗ ಹನಿಯೂ ಸಣ್ಣದಾಗುತ್ತದೆ. 1990ರ ದಶಕದಲ್ಲಿ ವಿಲ್ಮ್ ಮತ್ತು ಮ್ಯಾನ್ ಇದನ್ನೇ ತುದಿ ಮುಟ್ಟಿಸಿ ನ್ಯಾನೊ ಸ್ಪ್ರೇ ಮಾಡಿದರು. ದಿನಕ್ಕೆ ರಾಶಿ ಸ್ಯಾಂಪಲ್ ನೋಡುವ ಉಳಿಕೆ ಲ್ಯಾಬಿಗೆ ಅದು ಬಹಳ ನಾಜೂಕಾಯಿತು, 2.1 ಸಾಕು.

ವೋಲ್ಟೇಜ್, ಗಾಳಿಯ ಬಿಸಿ, ಸೂಜಿಯ ಜಾಗ ಇವನ್ನೂ ಸರಿಹೊಂದಿಸಬೇಕು. ಇದರಲ್ಲಿ ಒಂದೇ ಮಾತು. ಶುದ್ಧ ಮೆಥನಾಲ್‌ನಲ್ಲಿ ಕರಗಿಸಿದ ಔಷಧವನ್ನು ಸಿರಿಂಜಿನಿಂದ ಬಿಟ್ಟು ಟ್ಯೂನ್ ಮಾಡಿದ್ದು ನಿಜವಾದ ರನ್‌ಗೆ ಹೊಂದುವುದಿಲ್ಲ. ಆ ಔಷಧ ಕಾಲಂನಿಂದ ಹೊರಬರುವ ಹೊತ್ತಿನ ಹರಿವು ಎಷ್ಟು, ನೀರೆಷ್ಟು, ದ್ರಾವಕವೆಷ್ಟು ನೋಡಿ, ಅದರಲ್ಲೇ ಟ್ಯೂನ್ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಸಪ್ರೆಶನ್ ಸ್ವಲ್ಪ ಉಳಿಯುತ್ತದೆ. ಅದನ್ನು ಸರಿದೂಗಿಸಲು ಅತ್ಯುತ್ತಮ ಉಪಾಯ ಭಾರದ ಹೈಡ್ರೋಜನ್ ಸೇರಿಸಿದ ಅದೇ ಔಷಧ, ಅಂದರೆ ಐಸೊಟೋಪ್ ಸ್ಟ್ಯಾಂಡರ್ಡ್. ಅದು ಅಸಲಿಯ ಜೊತೆಗೇ ಹೊರಬರುತ್ತದೆ, ಅಷ್ಟೇ ಸಪ್ರೆಶನ್ ಅನುಭವಿಸುತ್ತದೆ, ತೂಕ ಮಾತ್ರ ಬೇರೆ. ಎರಡರ ಅನುಪಾತ ನೋಡಿದರೆ ನಷ್ಟ ತಾನಾಗಿ ಸರಿಹೋಗುತ್ತದೆ. ಬೆಲೆ ಜಾಸ್ತಿ, ಎಲ್ಲ ಔಷಧಕ್ಕೂ ಕೊಳ್ಳಲಾಗುವುದಿಲ್ಲ. ಸಿಸಿಸಿಯಂಥ ತಂಟೆಕೋರರಿಗೆ ಕೊಳ್ಳಲೇಬೇಕು.

ಯಂತ್ರಕ್ಕೆ ಕಾಣದೇ ಇರುವುದನ್ನೂ ರೈತರಿಗೆ ಹೇಳಬೇಕು. ಡೌನಿ ಅನ್ನುವ ಬೂಷ್ಟು ರೋಗಕ್ಕೆ ಹೊಡೆಯುವ ಮ್ಯಾಂಕೋಜೆಬ್ ಈ ಪರೀಕ್ಷೆಯಲ್ಲಿ ಬರುವುದಿಲ್ಲ. ಅದನ್ನು ಆಮ್ಲದಲ್ಲಿ ಕಾಯಿಸಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅಳೆದು ಕಂಡುಹಿಡಿಯುತ್ತಾರೆ. ಎಲ್‌ಸಿ-ಎಂಎಸ್ ವರದಿ ಪೂರ್ತಿ ಚೊಕ್ಕಟ ಬಂತು ಅಂದರೆ ಮ್ಯಾಂಕೋಜೆಬ್ ಇಲ್ಲ ಅಂತಲ್ಲ.

ಲ್ಯಾಬ್ ಕೇಳುವಾಗ ಏನು ಕೇಳಬೇಕು

ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಕೆಲಸ ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ಮಕ್ಕಳು ಮೂರೂ ಜಿಲ್ಲೆಯಲ್ಲಿದ್ದಾರೆ. ಜನರ ಕೊರತೆ ಇಲ್ಲ. ಆದರೆ ಲ್ಯಾಬಿನ ಅಂದಾಜು ಪಟ್ಟಿ ಮಾಡುವಾಗ ಯಂತ್ರದ ಸಾಲು ದೊಡ್ಡದಾಗಿರುತ್ತದೆ, ಅದನ್ನು ನಡೆಸುವವರ ಸಂಬಳ, ತರಬೇತಿ, ಐಸೊಟೋಪ್ ಸ್ಟ್ಯಾಂಡರ್ಡ್, ಒಳ್ಳೆ ದ್ರಾವಕ, ನಿಲ್ಲದ ನೈಟ್ರೋಜನ್, ಕರೆಂಟ್ ಹೋದರೆ ವ್ಯಾಕ್ಯೂಮ್ ಪಂಪು ನಿಲ್ಲದಂಥ ಬ್ಯಾಕಪ್, ಇವೆಲ್ಲ ಇತರೆ ಖರ್ಚು ಅಂತ ಕೊನೆಯಲ್ಲಿ ಸೇರಿಕೊಂಡಿರುತ್ತವೆ. ಸೆನ್ಸಿಟಿವಿಟಿ ಇರುವುದು ಈ ಇತರೆ ಖರ್ಚಿನಲ್ಲಿ. ವರ್ಷ ವರ್ಷವೂ ಅದಕ್ಕೆ ದುಡ್ಡು ಇಡದಿದ್ದರೆ ಯಂತ್ರ ತರುವುದೇ ಬೇಡ.

ಬೆಳೆಗಾರರ ಸಂಘಗಳು ಈಗಲೇ ಕೇಳಬಹುದಾದ ಪ್ರಶ್ನೆಗಳೂ ಇವೆ. ಸ್ಯಾಂಪಲ್ ಎಲ್ಲಿಗೇ ಹೋಗಲಿ, ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್‌ನ ಮಾನ್ಯತೆ ಆ ಲ್ಯಾಬಿಗೆ ಇದ್ದರೆ ಅದು ತಾಜಾ ದ್ರಾಕ್ಷಿಗೋ ಒಣದ್ರಾಕ್ಷಿಗೋ ಅಂತ ಕೇಳಿ. ಸ್ಟ್ಯಾಂಡರ್ಡ್‌ಗಳನ್ನು ಯಾವುದರಲ್ಲಿ ಬೆರೆಸಿ ಲೆಕ್ಕ ಹಾಕುತ್ತೀರಿ ಅಂತ ಕೇಳಿ. ಸಿಸಿಸಿಗೆ ಬೇರೆ ರನ್ ಮಾಡುತ್ತೀರಾ ಅಂತ ಕೇಳಿ. ನಿಮ್ಮ ಸ್ಪ್ರೇ ಡೈರಿಯನ್ನು ಸ್ಯಾಂಪಲ್ ಜೊತೆ ಕೊಡಿ, ಏನು ಹುಡುಕಬೇಕು ಅಂತ ಅವರಿಗೂ ತಿಳಿಯುತ್ತದೆ. ಮರೆಮಾಚಿದರೆ ನಷ್ಟ ನಿಮ್ಮದೇ.

ಇನ್ನೊಂದು ಕೆಲಸ ನಮ್ಮ ರೈತರಿಂದ ಮಾತ್ರ ಸಾಧ್ಯ. ಮಣೂಕದಲ್ಲೇ ಸ್ಟ್ಯಾಂಡರ್ಡ್ ಬೆರೆಸಿ ಲೆಕ್ಕ ಹಾಕಬೇಕಾದರೆ ಲ್ಯಾಬಿಗೆ ಔಷಧ ಇಲ್ಲದ ಮಣೂಕ ಬೇಕು. ಅಂಗಡಿಯಲ್ಲಿ ಸಾವಯವ ಅಂತ ಕೊಂಡದ್ದು ಸಾಲದು, ಅದು ಡಿಪ್ಪಿಂಗ್ ಆಯಿಲ್ ಕಾಣದೆ ಬಿಸಿಲಲ್ಲಿ ಒಣಗಿದ್ದಿರಬಹುದು. ಸಾರ ಬೇರೆ, ಸಪ್ರೆಶನ್ ಬೇರೆ. ಅದಕ್ಕೇ ತಿಕೋಟಾ ಕಡೆಯ ಒಂದಿಷ್ಟು ಸಾಲು ಬಳ್ಳಿಗೆ ಆ ಸೀಸನ್ ಔಷಧ ಹೊಡೆಯದೆ ಬಿಟ್ಟು, ಬಂದಷ್ಟು ಥಾಮ್ಸನ್ ತಳಿಯ ಗೊನೆಗಳನ್ನು ನಮ್ಮ ಪದ್ಧತಿಯಲ್ಲೇ ಎಣ್ಣೆ, ಕಾರ್ಬೊನೇಟ್‌ನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಪರೀಕ್ಷೆ ಮಾಡಿಸಿ ಫ್ರೀಜರಿನಲ್ಲಿ ಇಡಬೇಕು. ಒಂದು ಸ್ಯಾಂಪಲ್‌ಗೆ ಬೇಕಾಗುವುದು 5 ಗ್ರಾಂ. ಇಪ್ಪತ್ತು ಕಿಲೋ ಮಣೂಕ ಇದ್ದರೆ ಒಂದು ಲ್ಯಾಬಿಗೆ ಬಹಳ ಕಾಲ ಬರುತ್ತದೆ. ಅದಕ್ಕೆ ಬೇಕಾದದ್ದು ಸುಮಾರು ಎಂಬತ್ತು ಕಿಲೋ ಹಸಿ ದ್ರಾಕ್ಷಿ. ತೋಟಗಾರಿಕೆ ವಿಶ್ವವಿದ್ಯಾಲಯ ಮತ್ತು ಬೆಳೆಗಾರರ ಸಂಘ ಕೂಡಿ ಬರುವ ಅಕ್ಟೋಬರ್ ಚಾಟ್ನಿಗೇ ಇದನ್ನು ಶುರು ಮಾಡಬಹುದು.